ಇಂಜಿನ್ ನಂಬರ್ ಓದದೆ ಹಳೆಯ ಸಿಟಿ ವಿಟೆಕ್ ಕೊಳ್ಳಬೇಡಿ

ಹಳೆಯ ಹೊಂಡಾ ಸಿಟಿ ವಿಟೆಕ್ ಹುಡುಕುತ್ತಿರುವ ಬೆಳಗಾವಿ, ನಿಪ್ಪಾಣಿ, ಚಿಕ್ಕೋಡಿ ಕಡೆಯ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಜಿನ್ ಬ್ಲಾಕ್ ಮೇಲೆ ಕೊರೆದಿರುವ ನಂಬರನ್ನು ಕಣ್ಣಾರೆ ಓದಿ, ಆರ್‌ಸಿ ಜೊತೆ ತಾಳೆ ನೋಡುವ ತನಕ ಟೋಕನ್ ಅಂತ ನೂರು ರೂಪಾಯಿ ಕೂಡ ಕೊಡಬೇಡಿ. ನನ್ನ ಕಾರಿನ ಆರ್‌ಸಿ ಸರಿ ಇತ್ತು. ಬೇರೆ ರಾಜ್ಯಕ್ಕೆ ಒಯ್ಯಲು ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ, ಎನ್‌ಒಸಿ, ಸರಿ ಇತ್ತು. ಇನ್ಶೂರೆನ್ಸ್ ಕೂಡ ಚಾಲ್ತಿಯಲ್ಲಿತ್ತು. ಆದರೂ ಕಾರು ಇವತ್ತಿಗೂ ರಸ್ತೆಗೆ ಇಳಿಯುವ ಹಾಗಿಲ್ಲ.

ಈ ಕಾರಿನ ಮೇಲೆ ಇಷ್ಟೊಂದು ಆಸೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಫೋಟೋದಲ್ಲಿ ನೋಡಿಯೇ ಬೆಳೆದವರು ನಾವು. 1969ರ ಡಟ್ಸನ್ 240ಝಡ್, 1978ರ ಮಾಜ್ದಾ ಆರ್‌ಎಕ್ಸ್-7, 1989ರ ಎಂಎಕ್ಸ್-5, ಇವು ಯಾವುವೂ ನಮ್ಮ ಕಡೆಯ ಶೋರೂಮಿಗೆ ಬರಲಿಲ್ಲ. ನಮ್ಮ ಕೈಗೆ ಸಿಕ್ಕಿದ್ದು ಸಿಟಿ ವಿಟೆಕ್. ಹೊಂಡಾ ಇಲ್ಲಿ ಸಿಟಿ ಮಾರಲು ಶುರು ಮಾಡಿದ್ದು 1998ರಲ್ಲಿ. 2000ದ ಸುಮಾರಿಗೆ ವಿಟೆಕ್ ಬಂತು. 1.5 ಲೀಟರ್ ಇಂಜಿನ್, 106 ಬಿಎಚ್‌ಪಿ. 2003ರ ಕೊನೆಗೆ ಹೊಸ ಆಕಾರದ ಸಿಟಿ ಬಂದಾಗ ಅದರಲ್ಲಿ ಇದ್ದಿದ್ದು 77 ಬಿಎಚ್‌ಪಿ ಇಂಜಿನ್. ಹಳೆಯ ವಿಟೆಕ್‌ಗೆ ಬೆಲೆ ಬಂದಿದ್ದೇ ಆಮೇಲೆ. ನೋಡಲು ಮನೆಮಂದಿ ಓಡಾಡುವ ಸಾದಾ ಕಾರು. ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಆರ್‌ಪಿಎಂ ಮೇಲೇರಿಸಿದಾಗ ಇಂಜಿನ್ನಿನ ದನಿಯೇ ಬದಲಾಗುತ್ತದೆ. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಮೇಲೆ ಒಂದು ದೊಡ್ಡ ಲೋಬ್, ಅಂದರೆ ಉಬ್ಬು, ಇರುತ್ತದೆ. ಆರ್‌ಪಿಎಂ ಏರಿದಾಗ ಆಯಿಲ್ ಪ್ರೆಶರ್ ಒಂದು ಪಿನ್ನನ್ನು ತಳ್ಳಿ, ವಾಲ್ವ್ ಒತ್ತುವ ರಾಕರ್‌ಗಳನ್ನು ಆ ಲೋಬ್‌ಗೆ ಲಾಕ್ ಮಾಡುತ್ತದೆ. ವಾಲ್ವ್ ಜಾಸ್ತಿ ತೆರೆಯುತ್ತದೆ, ಜಾಸ್ತಿ ಹೊತ್ತು ತೆರೆದಿರುತ್ತದೆ. ಇದೇ ವಿಟೆಕ್. ಹೊಂಡಾ ಇದನ್ನು ಮೊದಲು 1989ರಲ್ಲಿ ಇಂಟೆಗ್ರಾ ಕಾರಿಗೆ ಹಾಕಿತ್ತು. ಆ ಒಂದು ಕ್ಷಣಕ್ಕಾಗಿಯೇ ಜನ ಈ ಕಾರನ್ನು ಇಟ್ಟುಕೊಳ್ಳುತ್ತಾರೆ.

ಅದಕ್ಕೇ ಮೋಸ ಕೂಡ ಅಲ್ಲೇ ನಡೆಯುತ್ತದೆ.

ನಾನು ಕಾರು ತಂದಿದ್ದು ಕೊಲ್ಹಾಪುರದ ಒಬ್ಬ ಹಳೆ ಕಾರಿನ ವ್ಯಾಪಾರಿಯಿಂದ. ಎಂಎಚ್-09 ಪಾಸಿಂಗ್, 2002ರ ಮಾಡೆಲ್. ಬಣ್ಣ ಹೊಳೆಯುತ್ತಿತ್ತು. ಬಾನೆಟ್ ಎತ್ತಿದರೆ ಒಳಗೂ ಲಕಲಕ. ಇಂಜಿನ್ ಬ್ಲಾಕಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. "ಬಾಡಿ ಕಡಕ್ ಐತ್ರೀ ಸಾಹೇಬ್ರ, ಇಂಜಿನ್ ಅಂತೂ ಒರಿಜಿನಲ್ ವಿಟೆಕ್, ಕೈ ಹಚ್ಚಿಲ್ಲ" ಅಂದರು. ಜಾಹೀರಾತಿನಲ್ಲೂ ಅದನ್ನೇ ಬರೆದಿದ್ದರು. ಊರೊಳಗಿನ ಟ್ರಾಫಿಕ್‌ನಲ್ಲಿ ಓಡಿಸಿ ನೋಡಿದೆ, ಮೆತ್ತಗೆ ಓಡಿತು. ಎರಡು ಲಕ್ಷದ ಮೇಲೆ ಕೊಟ್ಟೆ. ಕೊಲ್ಹಾಪುರ ಆರ್‌ಟಿಒದ ಎನ್‌ಒಸಿ ತೆಗೆಸಿಕೊಟ್ಟರು. ಹೈವೇ ಹಿಡಿದು ಮನೆಗೆ ಬಂದೆ. ಬರುವಾಗ ವಂಟಮುರಿ ಘಾಟ್ ಏರಿನಲ್ಲಿ ಪೂರ್ತಿ ಒತ್ತಿದೆ. ನಾನು ಕಾಯುತ್ತಿದ್ದ ದನಿ ಬರಲಿಲ್ಲ. ಫೋನ್ ಮಾಡಿದರೆ, "ಹಳೇ ಆಯಿಲ್ ಐತ್ರೀ, ಬದಲು ಮಾಡ್ರಿ, ಬರತೈತಿ" ಅಂದರು. ಇದು ನಂಬುವಂಥ ಮಾತೇ. ವಿಟೆಕ್ ನಡೆಯುವುದೇ ಆಯಿಲ್ ಪ್ರೆಶರ್ ಮೇಲೆ. ಆಯಿಲ್ ಕೆಟ್ಟಿದ್ದರೆ, ಕಡಿಮೆ ಇದ್ದರೆ ಅದು ಕೈ ಕೊಡುತ್ತದೆ. ಆಯಿಲ್ ಬದಲಾಯಿಸಿದ ಮೇಲೂ ಏನೂ ಬದಲಾಗಲಿಲ್ಲ.

ವಿಷಯ ಹೊರಬಿದ್ದಿದ್ದು ಬೆಳಗಾವಿ ಆರ್‌ಟಿಒದಲ್ಲಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು. ಕೆಎ-22 ಮಾಡಿಸೋಣ ಅಂತ ಕಾಗದ ಕೊಟ್ಟೆ. ಇನ್‌ಸ್ಪೆಕ್ಟರ್ ಗಾಡಿ ನೋಡಲು ಬಂದರು. ಚಾಸಿಸ್ ನಂಬರ್ ಸರಿ ಹೋಯಿತು. ಇಂಜಿನ್ ನಂಬರ್ ಎಲ್ಲಿ ಅಂದರೆ ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿತ್ತು. ಥಿನ್ನರ್ ಹಾಕಿ ಅರಿವೆಯಿಂದ ಉಜ್ಜಿದೆವು. ಒಂದೊಂದೇ ಅಂಕಿ ಕಾಣಿಸಿತು. ಆರ್‌ಸಿಯಲ್ಲಿ ಇದ್ದ ನಂಬರೇ ಬೇರೆ, ಇಲ್ಲಿ ಇದ್ದ ನಂಬರೇ ಬೇರೆ.

"ಈ ಇಂಜಿನ್ ಯಾವ ಗಾಡೀದ್ರೀ?" ಅಂತ ಅವರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೇಳಿದ್ದು ನೂರಕ್ಕೆ ನೂರು ಸರಿ. ಅದು ಅಪಘಾತದಲ್ಲಿ ಗುಜರಿಗೆ ಹೋದ ಗಾಡಿಯ ಇಂಜಿನ್ ಆಗಿರಬಹುದು, ಕಳವಾದ ಗಾಡಿಯದ್ದೂ ಆಗಿರಬಹುದು. ಇಂಜಿನ್ ಬದಲಾಯಿಸುವುದೇನೂ ಅಪರಾಧವಲ್ಲ. ಆದರೆ ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಆ ಇಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ಬಿಲ್ ಬೇಕು, ಆರ್‌ಸಿಯಲ್ಲಿ ಹೊಸ ನಂಬರ್ ಏರಬೇಕು. ಇಲ್ಲಿ ಯಾವುದೂ ಆಗಿರಲಿಲ್ಲ. ಎನ್‌ಒಸಿಯಲ್ಲಿ ಹಳೆಯ ನಂಬರೇ ಬಂದಿತ್ತು. ನನ್ನ ಫೈಲ್ ವಾಪಸ್ ಬಂತು.

ಅಲ್ಲಿಂದ ನೇರ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಕ್ಕೆ ಹೋದೆ. ಹಳೆಯ ಹೊಂಡಾ ಇಂಜಿನ್‌ಗಳನ್ನು ಬಿಚ್ಚಿ ಕಟ್ಟುವ ಒಬ್ಬ ಹಿರಿಯ ಮಿಸ್ತ್ರಿ ಅಲ್ಲಿದ್ದಾರೆ. ಅವರು ಇಂಜಿನ್ನಿನ ಮೇಲ್ಭಾಗದ, ಅಂದರೆ ಹೆಡ್ಡಿನ, ಬದಿಗೆ ಟಾರ್ಚ್ ಹಿಡಿದು ಒಂದೇ ಮಾತು ಹೇಳಿದರು: "ತಮ್ಮಾ, ಇದು ವಿಟೆಕ್ ಹೆಡ್ ಅಲ್ಲೋ." ವಿಟೆಕ್ ಹೆಡ್ಡಿಗೆ ಆಯಿಲ್ ಬಿಡುವ ಒಂದು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇರುತ್ತದೆ, ಅದಕ್ಕೆ ವೈರ್ ಹೋಗಿರುತ್ತದೆ. ನನ್ನ ಕಾರಿನಲ್ಲಿ ಸೊಲೆನಾಯ್ಡೇ ಇರಲಿಲ್ಲ. ಅದಕ್ಕೆ ಹೋಗಬೇಕಿದ್ದ ವೈರನ್ನು ಕಪ್ಪು ಟೇಪ್ ಸುತ್ತಿ ವೈರಿನ ಕಟ್ಟಿನ (ಹಾರ್ನೆಸ್) ಒಳಗೆ ತುರುಕಿದ್ದರು. ಇದೇ ಮಾಡೆಲ್‌ನ ಸಾದಾ 1.5 ಇಂಜಿನ್ ತಂದು ಕೂರಿಸಿದ್ದರು. ಒರಿಜಿನಲ್ ವಿಟೆಕ್ ಇಂಜಿನ್ ಬೇರೆ ಯಾರಿಗೋ ಒಳ್ಳೆಯ ಬೆಲೆಗೆ ಹೋಗಿರಬೇಕು.

ಹಾಗಾದರೆ ಚೆಕ್ ಇಂಜಿನ್ ಲೈಟ್ ಉರಿಯಬೇಕಿತ್ತಲ್ವಾ ಅಂತ ಕೇಳಿದೆ. ಅವರು ಮೀಟರ್ ಬಿಚ್ಚಿ ತೋರಿಸಿದರು. ಆ ಬಲ್ಬನ್ನೇ ಕಿತ್ತು ಹಾಕಿದ್ದರು. ನನಗೆ ಸಿಟ್ಟು ಬಂದಿದ್ದು ಅಲ್ಲೇ. ಇಂಜಿನ್ ಬದಲಾಗಿದೆ ಅಂತ ಹೇಳಿ ಕಡಿಮೆ ಬೆಲೆಗೆ ಕೊಟ್ಟಿದ್ದರೆ ಅದು ವ್ಯಾಪಾರ. ನಂಬರ್ ಮೇಲೆ ಬಣ್ಣ ಬಳಿದು, ಬಲ್ಬ್ ಕಿತ್ತು, ವೈರ್ ಅಡಗಿಸಿ, ಡಿಕ್ಕಿ ಮೇಲೆ ವಿಟೆಕ್ ಅಂತ ಬ್ಯಾಡ್ಜ್ ಅಂಟಿಸಿ ಮಾರುವುದಕ್ಕೆ ಬೇರೆ ಹೆಸರಿದೆ.

ಆದ್ದರಿಂದ ಗಾಡಿ ನೋಡಲು ಹೋದಾಗ ಮೊದಲು ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಎಚ್ಚರಿಕೆ ದೀಪಗಳು ಹತ್ತಬೇಕು. ಚೆಕ್ ಇಂಜಿನ್, ಆಯಿಲ್, ಬ್ಯಾಟರಿ ಮೂರನ್ನೂ ನೋಡಿ. ಯಾವುದಾದರೂ ಒಂದು ಹತ್ತಲೇ ಇಲ್ಲ ಅಂದರೆ ಯಾರೋ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ತಿಳಿಯಿರಿ. ಇಂಜಿನ್ ನಂಬರ್ ಗೇರ್‌ಬಾಕ್ಸ್ ಕೂಡುವ ಜಾಗದ ಹತ್ತಿರ ಬ್ಲಾಕ್ ಮೇಲೆ ಇರುತ್ತದೆ. ಟಾರ್ಚ್, ಸಣ್ಣ ಕನ್ನಡಿ, ಥಿನ್ನರ್, ಹಳೇ ಅರಿವೆ ಜೊತೆಗಿರಲಿ. ಉಜ್ಜಲು ಮಾಲೀಕ ಬಿಡದಿದ್ದರೆ ಎದ್ದು ಬನ್ನಿ. ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಸಾಲ ಬಾಕಿ, ಇನ್ಶೂರೆನ್ಸ್, ನೋಂದಣಿ ಎಲ್ಲಿಯವರೆಗೆ ಅನ್ನುವುದು ಗೊತ್ತಾಗುತ್ತದೆ. ಅದನ್ನು ನೋಡಲೇಬೇಕು. ಆದರೆ ಆ ಆ್ಯಪ್‌ಗೆ ಗೊತ್ತಿರುವುದು ಕಾಗದದ ಮೇಲಿನ ಇಂಜಿನ್. ಬಾನೆಟ್ ಒಳಗಿನದ್ದನ್ನು ನೀವೇ ನೋಡಬೇಕು.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಅಪಘಾತ ಆದಾಗ ಸರ್ವೇಯರ್ ಬಂದು ನಂಬರ್ ನೋಡುತ್ತಾರೆ. ಆರ್‌ಸಿ ಜೊತೆ ಹೊಂದದ ಇಂಜಿನ್ ಕಂಡರೆ ಕ್ಲೇಮ್ ತಿರಸ್ಕರಿಸಬಹುದು. ಅದಕ್ಕೇ ನಾನು ಗಾಡಿ ಓಡಿಸುವುದನ್ನೇ ನಿಲ್ಲಿಸಿದೆ.

ವ್ಯಾಪಾರಿ ಮೊದಮೊದಲು ಫೋನ್ ಎತ್ತಿದರು. "ನೀವ ನೋಡೇ ಒಯ್ದೀರಿ" ಅಂದರು. ಆಮೇಲೆ ಎತ್ತುವುದನ್ನೇ ಬಿಟ್ಟರು. ಇಲ್ಲಿ ನನ್ನ ಕೈ ಹಿಡಿದಿದ್ದು ಒಂದೇ, ಅವರ ಜಾಹೀರಾತಿನ ಸ್ಕ್ರೀನ್‌ಶಾಟ್ ಮತ್ತು "ಒರಿಜಿನಲ್ ವಿಟೆಕ್ ಇಂಜಿನ್" ಅಂತ ಅವರೇ ಕಳಿಸಿದ್ದ ವಾಟ್ಸಾಪ್ ಮೆಸೇಜ್. ನೀವೂ ಯಾವುದನ್ನೂ ಅಳಿಸಬೇಡಿ. ಹಣವನ್ನು ಬ್ಯಾಂಕಿನಿಂದಲೇ ಕೊಡಿ. ಬಾಯಲ್ಲಿ ಹೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ವಕೀಲರ ಮಾತಿನಂತೆ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿದೆ, ನಾಳೆ ಆ ಇಂಜಿನ್ ಹುಡುಕಿಕೊಂಡು ಯಾರಾದರೂ ಬಂದರೆ ನನ್ನ ಮೇಲೆ ಬರಬಾರದು ಅಂತ. ಗ್ರಾಹಕರ ಆಯೋಗದಲ್ಲಿ ದೂರನ್ನೂ ಕೊಟ್ಟಿದ್ದೇನೆ. ಕಾರು ತಂದಿದ್ದು ಕೊಲ್ಹಾಪುರದಿಂದ, ಅಲ್ಲಿಗೇ ಅಲೆಯಬೇಕಾ ಅಂತ ಹೆದರಿದ್ದೆ. ಹಾಗೇನಿಲ್ಲ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. 1915 ಸಹಾಯವಾಣಿಗೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆದರೆ ಇದು ವ್ಯಾಪಾರ ಮಾಡುವವರ ಮೇಲೆ ಮಾತ್ರ ನಡೆಯುತ್ತದೆ. ಯಾರೋ ಒಬ್ಬರು ತಮ್ಮ ಸ್ವಂತ ಕಾರು ಮಾರಿದ್ದರೆ ಈ ದಾರಿ ಇಲ್ಲ.

ಬಾಡಿ ಕತೆ ಬೇರೆ. ನಮ್ಮ ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಒಂದು ಮಳೆಗಾಲ ನಿಂತಿದ್ದಕ್ಕೆ ಆ ಹೊಳೆಯುವ ಬಣ್ಣ ಗುಳ್ಳೆ ಎದ್ದಿತು. ಹಿಂದಿನ ಚಕ್ರದ ಮೇಲಿನ ಕಮಾನು ಕೆರೆದರೆ ತಗಡೇ ಇಲ್ಲ, ಬರೀ ಪುಟ್ಟಿ. ಜಂಗು ಹಿಡಿದ ಜಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವ ಬದಲು ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಒಂದು ಸಣ್ಣ ಮ್ಯಾಗ್ನೆಟ್ಟಿಗೆ ತೆಳ್ಳನೆಯ ಬಟ್ಟೆ ಸುತ್ತಿ ಹಿಂದಿನ ಕಮಾನು, ಬಾಗಿಲಿನ ಕೆಳ ಅಂಚು, ಬಾಗಿಲ ಕೆಳಗಿನ ಪಟ್ಟಿ, ಎಲ್ಲ ಕಡೆ ಹಿಡಿದು ನೋಡಿ. ಅಂಟದ ಕಡೆ ಪುಟ್ಟಿ ಇದೆ. ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು, ಅದರ ಕೆಳಗೆ ಬೆರಳು ಆಡಿಸಿ. ಬ್ಯಾಟರಿ ಟ್ರೇ ಕೆಳಗೂ ನೋಡಿ. ಹೊಸ ಬಣ್ಣದ ಕಾರಿಗಿಂತ, ಗೀಚು ಬಿದ್ದ ಹಳೆಯ ಬಣ್ಣದ ಕಾರೇ ನನಗೆ ಈಗ ಜಾಸ್ತಿ ನಂಬಿಕೆ ಹುಟ್ಟಿಸುತ್ತದೆ.

ಒಳ್ಳೆಯ ಗಾಡಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಆಗಲೂ ಖರ್ಚಿಗೆ ತಯಾರಿ ಬೇಕು. ಈ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ತಿರುಗಿಸುವುದು ರಬ್ಬರಿನ ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. ಓಡಿಸುತ್ತಿರುವಾಗ ಬೆಲ್ಟ್ ಹರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಹೆಡ್ ಬಿಚ್ಚಲೇಬೇಕು. ಕಿಲೋಮೀಟರ್ ಕಡಿಮೆ ಓಡಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಕೊಂಡ ಕೂಡಲೇ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಕೂಲಿ ಒಂದೇ ಸಲ ಬೀಳುತ್ತದೆ. ನಮ್ಮ ಊರಿನ ಅದೃಷ್ಟ ಅಂದರೆ ಇಲ್ಲಿನ ಲೇತ್ ಕೆಲಸ. ಫೌಂಡ್ರಿ, ಮಷೀನ್ ಶಾಪ್‌ಗಳ ಊರು ಇದು. ಹೆಡ್ ಫೇಸಿಂಗ್, ಬೋರಿಂಗ್, ಬುಶ್ ತಿರುವುದು, ಇವಕ್ಕೆಲ್ಲ ಪುಣೆಗೆ ಓಡಬೇಕಿಲ್ಲ. ಸಿಗದೇ ಇರುವುದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು, ಹೆಡ್‌ಲ್ಯಾಂಪ್, ಒಳಗಿನ ಪ್ಲಾಸ್ಟಿಕ್ ಭಾಗಗಳು. ಇವನ್ನು ಲೇತ್‌ನಲ್ಲಿ ಮಾಡಲು ಆಗುವುದಿಲ್ಲ, ಗುಜರಿ ಗಾಡಿಯಿಂದಲೇ ತರಬೇಕು. ಹಾಗಾಗಿ ಇವೆಲ್ಲ ಸರಿ ಇರುವ ಗಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

ನೋಂದಣಿ ಲೆಕ್ಕವನ್ನೂ ಮರೆಯಬೇಡಿ. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರಿಂದ ಕಾರಿಗೆ 5,000 ರೂಪಾಯಿ ಇತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಸಿಟಿ ವಿಟೆಕ್‌ಗಳೆಲ್ಲ ಈಗ ಆ ಲೆಕ್ಕಕ್ಕೇ ಬರುತ್ತವೆ. ವಿಂಟೇಜ್ ನೋಂದಣಿ ಮಾಡಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು 50 ವರ್ಷ ದಾಟಿದ ಗಾಡಿಗೆ ಮಾತ್ರ.

ಇನ್ನೊಂದು ಮಾತು. ಇತ್ತೀಚೆಗೆ ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಅಣ್ಣಾ, ಒಂದು ಹಳೇ ಆರ್‌ಎಕ್ಸ್-7 ಇದೆಯಂತೆ, ಪೇಪರ್ ಆಮೇಲೆ ಮಾಡಿಕೊಡ್ತಾರಂತೆ" ಅಂದ. ಬೇಡ ಅಂತ ಕೈ ಮುಗಿದು ಹೇಳಿದೆ. ಹಳೆಯ ಕಾರನ್ನು ಹೊರದೇಶದಿಂದ ತರುವುದಾದರೆ ಅದು 3 ವರ್ಷಕ್ಕಿಂತ ಹಳೆಯದಾಗಿರಬಾರದು ಅನ್ನುವುದು ನಮ್ಮ ಆಮದಿನ ನಿಯಮ. 90ರ ದಶಕದ ಕಾರನ್ನು ಇವತ್ತು ತಂದು ಪೇಪರ್ ಮಾಡಿಸಲು ದಾರಿಯೇ ಇಲ್ಲ. ಹಿಂದೆ ಸರಿಯಾಗಿಯೇ ಬಂದ ಗಾಡಿ ಆದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಇರುತ್ತದೆ. ಅದು ಇಲ್ಲದ ಗಾಡಿಯನ್ನು ಅಧಿಕಾರಿಗಳು ಜಪ್ತಿ ಮಾಡಿದರೆ ಹಣವೂ ಹೋಯಿತು, ಕಾರೂ ಹೋಯಿತು, ಕೋರ್ಟ್ ಓಡಾಟ ಮಾತ್ರ ಉಳಿಯಿತು. ಅದರ ರೋಟರಿ ಇಂಜಿನ್ನಿನ ಅಪೆಕ್ಸ್ ಸೀಲ್ (ತಿರುಗುವ ರೋಟರಿನ ಮೂಲೆಯ ಸೀಲ್) ಸವೆದರೆ ಇಲ್ಲಿ ಕಟ್ಟುವವರು ಯಾರು ಅನ್ನುವುದು ಆಮೇಲಿನ ಪ್ರಶ್ನೆ.

ನನ್ನ ದೂರಿನ ವಿಚಾರಣೆ ನಡೆಯುತ್ತಿದೆ. ಒರಿಜಿನಲ್ ಇಂಜಿನ್ ಎಲ್ಲಿದೆ ಅಂತ ಪತ್ತೆಯಾದರೆ ಅದನ್ನೇ ವಾಪಸ್ ಕೂರಿಸಬೇಕು ಅಂತ ನನ್ನ ಆಸೆ. ಆರ್‌ಸಿಯಲ್ಲಿರುವ ಆ ನಂಬರನ್ನು ಗ್ಯಾರೇಜುಗಳಲ್ಲಿ ವಿಚಾರಿಸುತ್ತಲೇ ಇದ್ದೇನೆ. ಬೆಳಗಾವಿ ಸುತ್ತಮುತ್ತ ಯಾರಾದರೂ ವಿಟೆಕ್ ನೋಡಲು ಹೊರಟಿದ್ದರೆ ಟೋಕನ್ ಕೊಡುವ ಮುಂಚೆ ನನಗೆ ಹೇಳಿ. ಭಾನುವಾರ ಆದರೆ ಟಾರ್ಚ್, ಮ್ಯಾಗ್ನೆಟ್ ತಗೊಂಡು ನಾನೇ ಬರುತ್ತೇನೆ. ಉದ್ಯಮಬಾಗದ ಆ ಮಿಸ್ತ್ರಿ ಕೂಡ ಬರಲು ಒಪ್ಪಿದ್ದಾರೆ.