ಕಾರು ತಗ್ಗಿಸಿದ ಮೇಲೆ ಟೈರ್ ಉಜ್ಜುತ್ತಿದೆಯಾ? ಮಡ್‌ಗಾರ್ಡ್ ಅಂಚಿಗೆ ಕೈ ಹಾಕುವ ಮೊದಲು ಇದನ್ನು ಓದಿ

ಹಳೆ ಕಾರಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದೀರಿ, ಈಗ ಹಿಂದಿನ ಟೈರ್ ಒಂದೇ ಕಡೆ ಮಡ್‌ಗಾರ್ಡ್‌ಗೆ ಉಜ್ಜುತ್ತಿದೆ ಅಂದ್ರೆ, ದಯವಿಟ್ಟು ಆ ಅಂಚನ್ನು ಮಡಚಲು ಯಾರಿಗೂ ಬಿಡಬೇಡಿ. ಮೊದಲು ಅಳತೆ ತೆಗೆಯಿರಿ. ನಾನು ಅಳೆಯಲಿಲ್ಲ. ಒಂದು ಟೈರ್ ಹೋಯಿತು, ಚೆನ್ನಾಗಿದ್ದ ಬಣ್ಣ ಹೋಯಿತು. ಒಂದು ಮಳೆಯ ರಾತ್ರಿ ಕಾರಿನಲ್ಲಿದ್ದ ನಾಲ್ಕು ಜನರ ಜೀವ ಸ್ವಲ್ಪದರಲ್ಲಿ ಉಳಿಯಿತು.

ನನ್ನದು 1967ರ ವೋಲ್ವೋ ಅಮೆಜಾನ್. ಗಟ್ಟಿ ಕಾರು, ದುಂಡನೆಯ ಮೈ. ಆದರೆ ಸ್ವಲ್ಪ ಎತ್ತರವಾಗಿ ನಿಲ್ಲುತ್ತದೆ. ಆ ಎತ್ತರ ಕಮ್ಮಿ ಮಾಡಿ, ಅಗಲದ ಟೈರ್ ಹಾಕಿಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಹಳೆ ಕಾರುಗಳ ಕೆಲಸ ಮಾಡುವ ಒಂದು ಗ್ಯಾರೇಜಿಗೆ ಒಪ್ಪಿಸಿದೆ. ಅವರು ಕಾರನ್ನು 45 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿದರು. ಮೊದಲಿದ್ದ 165ರ ಟೈರ್ ಬದಲಿಗೆ 195/65 ಆರ್ 15 ಹಾಕಿದರು (ಮೊದಲ ಅಂಕಿ ಟೈರಿನ ಅಗಲ, ಮಿ.ಮೀ.ನಲ್ಲಿ). ಅದಕ್ಕೆ ತಕ್ಕ ಹಾಗೆ ಅಗಲದ ರಿಮ್.

ಲೆಕ್ಕ ಎಷ್ಟು ಸುಲಭ ನೋಡಿ. ಟೈರ್ 30 ಮಿ.ಮೀ. ಅಗಲವಾದರೆ ಒಳಗೆ 15, ಹೊರಗೆ 15. ಹೊಸ ರಿಮ್ಮಿನ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕಿರುವ ದೂರ) ಹಳೆಯದಕ್ಕಿಂತ 8 ಮಿ.ಮೀ. ಕಮ್ಮಿ ಇತ್ತು. ಆಫ್‌ಸೆಟ್ ಎಷ್ಟು ಕಮ್ಮಿಯಾಗುತ್ತದೋ ಚಕ್ರ ಅಷ್ಟೇ ಹೊರಗೆ ಬರುತ್ತದೆ. ಅಂದರೆ ಒಟ್ಟು 23 ಮಿ.ಮೀ. ಟೈರ್ ಮಡ್‌ಗಾರ್ಡ್ ಕಡೆಗೆ ಸರಿಯಿತು. ಕಾರು ಅದೇ ಹೊತ್ತಿಗೆ 45 ಮಿ.ಮೀ. ಕೆಳಗೆ ಬಂತು. ಈ ಲೆಕ್ಕವನ್ನು ಗ್ಯಾರೇಜಿನವರು ಮಾಡಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ದಿನವೇ ಸದ್ದು ಶುರುವಾಯಿತು. ಗುಂಡಿಗೆ ಇಳಿದಾಗ ಹಿಂದಿನಿಂದ 'ಜರ್ರ್' ಅಂತ ಒಂದು ಎಳೆತ. ಅದೂ ಡ್ರೈವರ್ ಹಿಂದಿನ ಚಕ್ರದಿಂದ ಮಾತ್ರ. ಇನ್ನೊಂದು ಕಡೆ ಏನೂ ಇಲ್ಲ. ಎರಡೂ ಕಡೆ ಒಂದೇ ಟೈರ್, ಒಂದೇ ರಿಮ್, ಒಂದೇ ಸ್ಪ್ರಿಂಗ್. ಹಾಗಿದ್ದರೆ ಒಂದೇ ಕಡೆ ಯಾಕೆ ತಾಗಬೇಕು, ಅಲ್ವಾ? ಈ ಪ್ರಶ್ನೆಯನ್ನು ನಾನು ಅವತ್ತೇ ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ವಾಪಸ್ ಹೋದೆ. "ಅಂಚು ಒಳಗಡೆ ಮಡಚಿಬಿಡೋಣ ಸಾರ್, ಎಲ್ಲರೂ ಹಾಗೇ ಮಾಡಿಸ್ತಾರೆ" ಅಂದರು. ಮಡ್‌ಗಾರ್ಡಿನ ಒಳ ಅಂಚು ನೆಲಕ್ಕೆ ಸಮನಾಗಿ ಒಳಕ್ಕೆ ಚಾಚಿರುತ್ತದೆ. ಅದನ್ನು ರೋಲರ್‌ನಿಂದ ಒತ್ತಿ ಮೇಲಕ್ಕೆ ಮಡಚಿದರೆ ಕೆಲವು ಮಿ.ಮೀ. ಜಾಗ ಸಿಗುತ್ತದೆ. ಸರಿಯಾಗಿ ಮಾಡಿದರೆ ತಪ್ಪೇನಿಲ್ಲ. ಬಣ್ಣವನ್ನು ಹೀಟ್ ಗನ್‌ನಿಂದ ಕೈ ತಾಳದಷ್ಟು ಬಿಸಿ ಮಾಡಬೇಕು. ಸ್ವಲ್ಪ ಸ್ವಲ್ಪವೇ, ಹತ್ತಾರು ಸಲ ಆಚೆ ಈಚೆ ಓಡಿಸಿ ಮಡಚಬೇಕು. ಪೆಟ್ರೋಲ್ ತುಂಬುವ ಕೊಳವೆ ಇರುವ ಕಡೆ ಬಿಸಿ ಮಾಡುವ ಮೊದಲು ಹಿಂದೆ ಏನಿದೆ ಅಂತ ನೋಡಲೇಬೇಕು. ಇವರು ತಣ್ಣಗಿರುವಾಗಲೇ, ಎರಡು ಮೂರು ಎಳೆತದಲ್ಲಿ ಮುಗಿಸಿದರು. ಮನೆಗೆ ತಂದು ಬೆಳಕಿನಲ್ಲಿ ನೋಡಿದರೆ ಅಂಚಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು.

ಹಳೆ ಕಾರಿನವರು ಇದನ್ನು ಗಮನವಿಟ್ಟು ಓದಿ. ಆ ಅಂಚು ಒಂದೇ ತಗಡಲ್ಲ. ಹೊರಗಿನ ಮಡ್‌ಗಾರ್ಡ್ ಮತ್ತು ಒಳಗಿನ ಕಮಾನು ಅಲ್ಲಿ ಸೇರುತ್ತವೆ, ಸಂದಿಗೆ ಸೀಲರ್ ಹಚ್ಚಿರುತ್ತಾರೆ. ಐವತ್ತು ವರ್ಷ ದಾಟಿದ ಸೀಲರ್ ಒಣಗಿ ಗಟ್ಟಿಯಾಗಿರುತ್ತದೆ. ಮಡಚಿದ ಕೂಡಲೇ ಅದು ಒಡೆಯುತ್ತದೆ, ಟೈರ್ ಎರಚುವ ನೀರು ನೇರ ಎರಡು ತಗಡುಗಳ ನಡುವೆ ಹೋಗಿ ಕೂರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಮಡಚಿಸಲೇಬೇಕಾದರೆ, ಮುಗಿದ ತಕ್ಷಣ ಆ ಸಂದಿಗೆ ಹೊಸ ಸೀಲರ್ ಹಚ್ಚಿಸದೆ ಕಾರನ್ನು ಮನೆಗೆ ತರಬೇಡಿ.

ಸದ್ದು ಸ್ವಲ್ಪ ಕಮ್ಮಿಯಾಯಿತು. ಒಬ್ಬನೇ ಓಡಿಸುವಾಗ ಕೇಳಿಸುತ್ತಲೇ ಇರಲಿಲ್ಲ. ಸರಿಹೋಯಿತು ಅಂದುಕೊಂಡೆ.

ಅದಾಗಿ ಮೂರು ವಾರಕ್ಕೆ, ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಲಗೇಜು. ಜೋರು ಮಳೆ, ಕತ್ತಲು. ಒಂದು ಉದ್ದದ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಜಾರಿದ ಹಾಗಾಯಿತು. ಬ್ರೇಕ್ ಒತ್ತಲಿಲ್ಲ, ಸ್ಟೀರಿಂಗ್ ಬಿಗಿಯಾಗಿ ಹಿಡಿದು ಆಕ್ಸಲರೇಟರ್ ನಿಧಾನಕ್ಕೆ ಬಿಟ್ಟೆ. ಕಾರು ಅಲುಗಾಡುತ್ತಾ ರಸ್ತೆ ಬದಿಗೆ ಬಂದು ನಿಂತಿತು. ಇಳಿದು ನೋಡಿದರೆ ಡ್ರೈವರ್ ಹಿಂದಿನ ಟೈರ್ ಪೂರ್ತಿ ಚಪ್ಪಟೆ. ಹೊರಗಿನ ಗೋಡೆಯಲ್ಲಿ ಸುತ್ತಲೂ ಕತ್ತಿಯಲ್ಲಿ ಗೀಚಿದ ಹಾಗೆ ಗೆರೆ, ಅದರಲ್ಲಿ ಒಳಗಿನ ನೂಲು ಕಾಣುತ್ತಿತ್ತು. ಸರಿಯಾಗಿ ಒಳಸೇರದ ಅಂಚಿನ ಒಂದು ಚೂಪು ಜಾಗ ಅಷ್ಟು ದಿನ ಅಲ್ಲೇ ಕೊರೆಯುತ್ತಿತ್ತು. ಸ್ಟೆಪ್ನಿ ಹಾಕುವಾಗ ನನ್ನ ಕೈ ನಡುಗುತ್ತಿತ್ತು. ಟೈರಿನ ಪಕ್ಕದ ಗೋಡೆ ಹೀಗೆ ಕೊಯ್ದರೆ ಅದಕ್ಕೆ ಪ್ಯಾಚ್ ಇಲ್ಲ. ಅಲ್ಲಿ ನೂಲು ಕಂಡರೆ ಆ ಟೈರ್ ಮುಗಿಯಿತು, ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಆಮೇಲೆ ಕಾರು ನೋಡಿದ್ದು ಒಬ್ಬರು ಹಿರಿಯ ಮೆಕ್ಯಾನಿಕ್. ಅವರು ಜಾಕ್ ಕೂಡ ಹಾಕಲಿಲ್ಲ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿದರು. ದಾರಕ್ಕೆ ಒಂದು ನಟ್ ಕಟ್ಟಿ, ಚಕ್ರದ ನಡು ಭಾಗಕ್ಕೆ ನೇರವಾಗಿ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಟ್ಟರು. ದಾರದಿಂದ ಟೈರಿಗೆ ಎಷ್ಟು ದೂರ ಅಂತ ಅಳೆದರು. ಡ್ರೈವರ್ ಕಡೆ 6 ಮಿ.ಮೀ. ಇನ್ನೊಂದು ಕಡೆ 16. "ನಿಮ್ಮ ಆಕ್ಸಲ್ ನಡುವೆ ಇಲ್ಲವಲ್ಲ, 5 ಮಿ.ಮೀ. ಇತ್ತ ಬಂದಿದೆ" ಅಂದರು. ಎರಡು ಕಡೆಯ ವ್ಯತ್ಯಾಸದ ಅರ್ಧ, ಅದೇ ಆಕ್ಸಲ್ ಸರಿದ ಅಳತೆ. ಐದು ನಿಮಿಷದ ಕೆಲಸ.

ಕಾರಣ ಪ್ಯಾನ್‌ಹಾರ್ಡ್ ರಾಡ್. ಅಮೆಜಾನಿನ ಹಿಂದೆ ಒಂದೇ ತುಂಡಿನ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಕಾಯಿಲ್ ಸ್ಪ್ರಿಂಗ್ ಆಕ್ಸಲನ್ನು ಅಡ್ಡಡ್ಡ ಹಿಡಿದುಕೊಳ್ಳುವುದಿಲ್ಲ. ಅದಕ್ಕಾಗಿ ಒಂದು ಅಡ್ಡ ಕಂಬಿ ಇರುತ್ತದೆ. ಅದರ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಆಕ್ಸಲ್‌ಗೆ. ಕಂಬಿಯ ಉದ್ದ ಬದಲಾಗುವುದಿಲ್ಲ. ಆದರೆ ಬಾಡಿ ಕೆಳಗೆ ಬಂದಾಗ ಕಂಬಿಯ ಓರೆ ಬದಲಾಗುತ್ತದೆ, ಓರೆಯ ಜೊತೆ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಏಣಿಯನ್ನು ಗೋಡೆಗೆ ಒರಗಿಸಿ ಮೇಲ್ತುದಿ ಕೆಳಗೆ ಜಾರಿಸಿದರೆ ಬುಡ ದೂರ ಹೋಗುವುದಿಲ್ಲವಾ, ಅದೇ ಲೆಕ್ಕ. ಗುಂಡಿಗೆ ಬಿದ್ದಾಗ, ಭಾರ ಜಾಸ್ತಿಯಾದಾಗ ಈ ಓರೆ ಮತ್ತೆ ಬದಲಾಗುತ್ತದೆ. ಒಬ್ಬನೇ ಇದ್ದಾಗ ಸುಮ್ಮನಿದ್ದ ಟೈರ್ ನಾಲ್ಕು ಜನ ಕೂತಾಗ ಕೊಯ್ದುಕೊಂಡಿದ್ದು ಹೀಗೆ. ಕಾಯಿಲ್ ಸ್ಪ್ರಿಂಗ್, ಗಟ್ಟಿ ಆಕ್ಸಲ್, ಈ ಕಂಬಿ ಇರುವ ಯಾವ ಹಳೆ ಕಾರಿಗೂ ಇದೇ ಮಾತು. ಲೀಫ್ ಸ್ಪ್ರಿಂಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಈ ಕಂಬಿ ಇರುವುದಿಲ್ಲ, ಅಲ್ಲಿ ಬೇರೆ ಕಾರಣ ಹುಡುಕಬೇಕು.

ಕೆಳಗೆ ತೂರಿ ನೋಡಿದಾಗ ಇನ್ನೊಂದು ಬಯಲಾಯಿತು. ಮೊದಲಿನ ಗ್ಯಾರೇಜಿನವರು ಬಂಪ್ ಸ್ಟಾಪ್ ರಬ್ಬರುಗಳನ್ನು ಅರ್ಧಕ್ಕೆ ಕತ್ತರಿಸಿದ್ದರು. ಕಾರು ತಗ್ಗಿದಾಗ ಆಕ್ಸಲ್ ಬೇಗ ಆ ರಬ್ಬರಿಗೆ ಬಡಿಯುತ್ತದೆ, ಅದಕ್ಕೆ ಕೆಲವರು ಕತ್ತರಿಸುತ್ತಾರೆ. ಆದರೆ ಆಕ್ಸಲ್ ಎಲ್ಲಿಯವರೆಗೆ ಮೇಲೆ ಬರಬಹುದು ಅಂತ ಕೊನೆಗೆ ತಡೆಯುವುದು ಅದೇ ರಬ್ಬರು. ಅದನ್ನು ಕತ್ತರಿಸಿದರೆ ಟೈರ್ ಅಷ್ಟೂ ಮೇಲಕ್ಕೆ, ನೇರ ಅಂಚಿಗೆ ಬರುತ್ತದೆ. ನನಗೆ ಒಂದು ಮಾತು ಹೇಳದೆ ಮಾಡಿದ್ದರು. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ.

ಮುಂದಿನ ಚಕ್ರಗಳಿಗೆ ಅವರು 5 ಮಿ.ಮೀ. ಸ್ಪೇಸರ್ (ಚಕ್ರದ ಹಿಂದೆ ಇಟ್ಟು ಅದನ್ನು ಹೊರಗೆ ತಳ್ಳುವ ಬಿಲ್ಲೆ) ಕೂಡ ಹಾಕಿದ್ದರು, ಹಳೆ ಸ್ಟಡ್ಡುಗಳ (ಚಕ್ರದ ನಟ್ ಕೂರುವ ಬೋಲ್ಟುಗಳ) ಮೇಲೆಯೇ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ತಾಗದಿರಲಿ ಅಂತ. ಈ ಕಾರಿನ ಸ್ಟಡ್ ಅರ್ಧ ಇಂಚಿನದು, ಇಂಚಿಗೆ 20 ಥ್ರೆಡ್. ನಟ್ ಕನಿಷ್ಠ ಸ್ಟಡ್ಡಿನ ದಪ್ಪದಷ್ಟಾದರೂ ಥ್ರೆಡ್ ಹಿಡಿಯಬೇಕು, ಅಂದರೆ 10 ಪೂರ್ತಿ ಸುತ್ತು. 5 ಮಿ.ಮೀ. ಸ್ಪೇಸರ್ ಸುಮಾರು 4 ಸುತ್ತು ತಿಂದುಹಾಕುತ್ತದೆ. ನನ್ನ ನಟ್ 7 ಸುತ್ತಿಗೆ ಬಿಗಿಯಾಗುತ್ತಿತ್ತು. ಅವನ್ನು ಅವತ್ತೇ ತೆಗೆಸಿದೆ. ನಿಮ್ಮ ಕಾರಿಗೆ ಯಾರಾದರೂ ಸ್ಪೇಸರ್ ಹಾಕಿದ್ದರೆ ಇವತ್ತು ಸಂಜೆಯೇ ನಟ್ ಬಿಚ್ಚಿ, ಸುತ್ತು ಎಣಿಸಿ ನೋಡಿ.

ಕೊನೆಗೆ ಸರಿಮಾಡಿದ್ದು ಹೀಗೆ. ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಹಾಕಿ ಆಕ್ಸಲನ್ನು ನಡುವಿಗೆ ತಂದರು. ಇದನ್ನು ಹೊಂದಿಸುವಾಗ ಕಾರು ತನ್ನ ಚಕ್ರದ ಮೇಲೆ, ತನ್ನ ತೂಕದಲ್ಲೇ ನಿಂತಿರಬೇಕು. ಆಕ್ಸಲ್ ಜೋತಾಡುವಾಗ ಅಳೆದರೆ ಅಳತೆ ಸುಳ್ಳು. ಕಂಬಿಯ ತುದಿಗಳಲ್ಲಿರುವ ಬುಷ್‌ಗಳ ಬೋಲ್ಟುಗಳನ್ನೂ ಅದೇ ಸ್ಥಿತಿಯಲ್ಲಿ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬಂಪ್ ಸ್ಟಾಪ್ ಪೂರ್ತಿ ಉದ್ದದವು ಬಂದವು. ಹಿಂದಿನ ಟೈರ್ 185ಕ್ಕೆ ಇಳಿಸಿದೆ, ಅದರಿಂದ ಪ್ರತಿ ಪಕ್ಕಕ್ಕೆ 5 ಮಿ.ಮೀ. ವಾಪಸ್ ಸಿಕ್ಕಿತು. ಮುಂದೆ ಸ್ಪೇಸರ್ ಇಲ್ಲದೆ, ಸ್ಟೀರಿಂಗ್ ತಿರುಗುವ ಮಿತಿಯನ್ನು ಒಂಚೂರು ಕಮ್ಮಿ ಮಾಡಿದರು.

ಆಮೇಲೆ ಪರೀಕ್ಷೆ. ಬಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್ ತೆಗೆದು, ಚಕ್ರ ಹಾಕಿದ ಆಕ್ಸಲನ್ನು ಜಾಕ್‌ನಿಂದ ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿದರು. ಮೊದಲು ಎರಡೂ ಕಡೆ ಒಟ್ಟಿಗೆ, ಆಮೇಲೆ ಒಂದೊಂದೇ ಕಡೆ. ಅಂಚಿಗೆ ಮೆತ್ತನೆ ಜೇಡಿಮಣ್ಣು ಅಂಟಿಸಿದ್ದರು, ಟೈರ್ ಮುಟ್ಟಿದರೆ ಗುರುತು ಬೀಳಲಿ ಅಂತ. ಬೀಳಲಿಲ್ಲ. ಗಿಡ್ಡ ಸ್ಪ್ರಿಂಗ್ ಹಾಕುವ ದಿನವೇ ಇದನ್ನು ಮಾಡಿ ತೋರಿಸಿ ಅಂತ ನಿಮ್ಮ ಗ್ಯಾರೇಜಿನವರನ್ನು ಕೇಳಿ. ಬೇಸರಪಟ್ಟುಕೊಂಡರೆ ಬೇರೆ ಕಡೆ ಹೋಗಿ.

ಈಗ ನಾಲ್ಕು ಜನ ಕೂತರೂ ಸದ್ದಿಲ್ಲ. ಇನ್ನೊಂದು ಕಡೆಯ ಅಂಚು ಯಾರೂ ಮುಟ್ಟದೆ, ಮೊದಲಿದ್ದ ಹಾಗೇ ಇದೆ, ಅಲ್ಲೂ ಟೈರ್ ತಾಗುವುದಿಲ್ಲ. ಮಡಚಿದ ಕಡೆ ಮಾತ್ರ ಬಣ್ಣದ ಕೆಳಗೆ ಗುಳ್ಳೆ ಏಳಲು ಶುರುವಾಗಿದೆ. ಮುಂದಿನ ಮಳೆಗಾಲದೊಳಗೆ ಅಲ್ಲಿ ತಗಡು ಕತ್ತರಿಸಿ ಹೊಸದು ಬೆಸೆಯಿಸಬೇಕು.