ಬಿರುಕನ್ನೂ ಬಿಡದೆ ಮುದ್ರಿಸಿಕೊಟ್ಟರು

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು ನಾನು. ಶಾಲೆಯ ವಸ್ತುಪ್ರದರ್ಶನಕ್ಕೆ ಆರು ಚಾರ್ಟ್ ಬೇಕಿತ್ತು. ವಿಷಯ ಯಿನ್‌ಶು. ಚೀನಾದ ಅನ್‌ಯಾಂಗ್‌ನಲ್ಲಿರುವ, ಶಾಂಗ್ ಅರಸರ ಕೊನೆಯ ರಾಜಧಾನಿ, ಮೂರು ಸಾವಿರ ವರ್ಷಕ್ಕೂ ಹಳೆಯದು. ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದ ಈ ಪ್ರಿಂಟಿಂಗ್ ಅಂಗಡಿಗೆ ಪೆನ್‌ಡ್ರೈವ್ ಹಿಡಿದು ಹೋದೆ.

ಫ್ಲೆಕ್ಸ್ ಸಾಕು ಅಂದುಕೊಂಡಿದ್ದೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ಆಮೆಚಿಪ್ಪಿನ ಚಿತ್ರ ದೊಡ್ಡದು ಮಾಡಿ, "ಟೀಚರ್, ಈ ಗೆರೆ ಒಡೆದದ್ದಾ, ಬರೆದದ್ದಾ?" ಅಂತ ಕೇಳಿದ. ಎರಡೂ ಇದೆ ಅಂದೆ. ಚಿಪ್ಪಿನ ಹಿಂಬದಿ ಗುಳಿ ತೋಡಿ ಕಾಯಿಸಿದರೆ ಎದುರುಬದಿ ಬಿರುಕು ಬೀಳುತ್ತದೆ. ಅದನ್ನು ನೋಡಿ ಅರಸನಿಗೆ ಫಲ ಹೇಳುತ್ತಿದ್ದರು, ಕೇಳಿದ ಪ್ರಶ್ನೆಯನ್ನು ಅಲ್ಲೇ ಕೊರೆದಿಡುತ್ತಿದ್ದರು. ನಮ್ಮಲ್ಲಿ ಪ್ರಶ್ನೆ ಇಡುತ್ತಾರಲ್ಲ, ಹಾಗೆ ಅಂದ ಕೂಡಲೇ ಅವನಿಗೆ ಅರ್ಥವಾಯಿತು. "ಹಾಗಾದ್ರೆ ಫ್ಲೆಕ್ಸ್ ಬೇಡ ಟೀಚರ್, ಮಿಂಚಿದರೆ ಸಣ್ಣ ಗೆರೆ ಕಾಣುವುದಿಲ್ಲ" ಎಂದು ಮ್ಯಾಟ್ ಕಾಗದದಲ್ಲಿ ಅಂಗೈಯಗಲದ ಸ್ಯಾಂಪಲ್ ತೆಗೆದು ಬಾಗಿಲ ಬೆಳಕಿಗೆ ಹಿಡಿದ. ನೆಟ್ಟಗೆ ಇಳಿದ ಬಿರುಕು, ಅದರ ಮಗ್ಗುಲಿಂದ ಹೊರಟ ಪುಟ್ಟ ಕವಲು, ಪಕ್ಕದಲ್ಲಿ ಕೊರೆದ ಅಕ್ಷರ ಎಲ್ಲವೂ ಬೇರೆಬೇರೆಯಾಗಿ ಕಂಡವು. 'ಶಕುನ ಕೇಳುವುದು' ಎನ್ನಲು ಚೀನೀಯರು ಇವತ್ತಿಗೂ ಬರೆಯುವ ಅಕ್ಷರದ ಆಕಾರ ಆ ಬಿರುಕಿನದೇ!

ಒಂದು ಎಡವಟ್ಟಾಯಿತು. ಐದನೆಯ ಚಾರ್ಟ್ ರಾಣಿ ಫು ಹಾವ್‌ಳದ್ದು. ದಂಡು ನಡೆಸಿದ ಹೆಂಗಸು. 1976ರಲ್ಲಿ ಸಿಕ್ಕಿದ ಅವಳ ಗೋರಿಯನ್ನು ಕಳ್ಳರು ಮುಟ್ಟಿರಲಿಲ್ಲ. ಒಳಗೆ ಜೇಡ್ ಎಂಬ ಬೆಲೆಬಾಳುವ ಕಲ್ಲಿನ 755 ವಸ್ತುಗಳು, ಸುಮಾರು 7,000 ಕವಡೆ. ಕಡಲಿನಿಂದ ಅಷ್ಟು ದೂರದ ಊರಿನಲ್ಲಿ! ಅವಳ ಹೆರಿಗೆ ಸುಸೂತ್ರವಾದೀತೇ ಎಂದು ಅರಸ ವು ಡಿಂಗ್ ಕೇಳಿಸಿದ ಪ್ರಶ್ನೆ ಚಿಪ್ಪಿನ ಮೇಲೆ ಉಳಿದಿದೆ. 31 ದಿನದ ಮೇಲೆ ಹೆರಿಗೆಯಾಯಿತು. 'ಒಳ್ಳೆಯದಾಗಲಿಲ್ಲ, ಹೆಣ್ಣು' ಎಂದು ಕೊರೆದಿದ್ದಾರೆ. ಈ ಸಾಲು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರಿಂಟಿನಲ್ಲಿ ಫಾಂಟ್ ಕೆಟ್ಟು ಒತ್ತಕ್ಷರಗಳೆಲ್ಲ ಹಾರಿಹೋಗಿ 'ಹೆಣ್ಣು' 'ಹೆಣು' ಆಗಿತ್ತು. ಮಕ್ಕಳ ಮುಂದೆ ಅದನ್ನು ನೇತುಹಾಕಲು ಸಾಧ್ಯವೇ ಇರಲಿಲ್ಲ.

ಹುಡುಗ ವಾದ ಮಾಡಲಿಲ್ಲ. ಬೀಗ ಹಾಕುವ ಹೊತ್ತಾಗಿದ್ದರೂ ಕೂತು, ನನ್ನಿಂದ ಸಾಲುಸಾಲು ಓದಿಸಿ ತಿದ್ದಿ, ಮತ್ತೆ ಮುದ್ರಿಸಿದ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ರೇಟು ಫ್ಲೆಕ್ಸಿಗಿಂತ ಜಾಸ್ತಿ, ಗಾಡಿ ನಿಲ್ಲಿಸಲು ಜಾಗ ಇಲ್ಲ. ಕನ್ನಡ ಬರಹವಿದ್ದರೆ ಪಿಡಿಎಫ್ ಮಾಡಿಯೇ ಒಯ್ಯಿರಿ, ಸ್ಯಾಂಪಲ್ ಕೇಳಿ ಪಡೆಯಿರಿ. ನಾನು ಮುಂದಿನ ವರ್ಷವೂ ಇಲ್ಲಿಗೇ ಹೋಗುವವಳು.