ಗ್ರೋ ಲೈಟಿನ ಪಕ್ಕಕ್ಕೆ ಯಾವ ಹಾಳೆ? ಮೈಲಾರ್, ಸನ್‌ಬೋರ್ಡ್, ಥರ್ಮಾಕೋಲ್, ಸುಣ್ಣ: ಒಂದು ಪರಿಶೀಲನೆ

ನಾಲ್ಕಡಿ ಉದ್ದ, ಎರಡಡಿ ಅಗಲದ ಕಬ್ಬಿಣದ ರ್‍ಯಾಕು. ಹಂತಹಂತಕ್ಕೂ ಮೈಕ್ರೋಗ್ರೀನ್ಸ್ (ಸಸಿಯಾಗಿರುವಾಗಲೇ ಕತ್ತರಿಸಿ ತಿನ್ನುವ ಎಳೆ ಸೊಪ್ಪು) ಟ್ರೇ ಅಥವಾ ಲೆಟ್ಯೂಸ್ ಕುಂಡ, ಮೇಲೆ ಬಿಸಿಲಿನ ಬದಲಿಗೆ ಗ್ರೋ ಲೈಟಾಗಿ ಎಲ್‌ಇಡಿ ಟ್ಯೂಬು. ಬಾಲ್ಕನಿಗೆ ಬಿಸಿಲು ಬಾರದ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸೊಪ್ಪು ಬೆಳೆಯುವವರ ಏರ್ಪಾಡು ಹೆಚ್ಚುಕಡಿಮೆ ಇದೇ. ಕೆಲವೇ ದಿನಗಳಲ್ಲಿ ಅಂಚಿನ ಸಸಿಗಳು ಸಣಕಲಾಗಿ, ಕುತ್ತಿಗೆ ಉದ್ದ ಮಾಡಿಕೊಂಡು ನಡುವಿನ ಕಡೆಗೆ ವಾಲುತ್ತವೆ. ಆಗ ಹೆಚ್ಚಿನವರು ಇನ್ನೊಂದು ಲೈಟು ಕೊಳ್ಳಲು ಹೊರಡುತ್ತಾರೆ. ಆ ದುಡ್ಡು ಖರ್ಚು ಮಾಡುವ ಮೊದಲು, ಇರುವ ಬೆಳಕು ಎಲ್ಲಿ ಸೋರುತ್ತಿದೆ ಎಂದು ನೋಡಿ. ಹಾಗೆ ಸೋರುವ ಬೆಳಕನ್ನು ಗಿಡಕ್ಕೆ ಹಿಂತಿರುಗಿಸುವ ಹಾಳೆಯೇ ರಿಫ್ಲೆಕ್ಟರ್; ಅದಕ್ಕೆ ಯಾವ ಸಾಮಗ್ರಿ ಸರಿ ಎನ್ನುವುದೇ ಇಲ್ಲಿನ ವಿಚಾರ.

ಲೆನ್ಸ್ ಇಲ್ಲದ ಎಲ್‌ಇಡಿ ಬೆಳಕನ್ನು ಛತ್ರಿ ಬಿಚ್ಚಿದ ಹಾಗೆ ಸುತ್ತಲೂ ಚೆಲ್ಲುತ್ತದೆ. ಚಿಕ್ಕದೊಂದು ಎಲ್‌ಇಡಿ ಬೋರ್ಡನ್ನು ಎಲೆಗಳಿಂದ 30 ಸೆಂ.ಮೀ. ಮೇಲೆ ತೂಗುಹಾಕಿದರೆ, ಅದರ ನೇರ ಕೆಳಗೆ 60 ಸೆಂ.ಮೀ. ಅಗಲದ ವೃತ್ತದೊಳಗೆ ಬೀಳುವುದು ಸುಮಾರು ಅರ್ಧ ಬೆಳಕು ಮಾತ್ರ. ಉಳಿದರ್ಧ ಗೋಡೆಗೆ, ನೆಲಕ್ಕೆ, ಮನೆಯವರ ಕಣ್ಣಿಗೆ. ಉದ್ದನೆಯ ಟ್ಯೂಬಿನಲ್ಲಿ ಪೋಲು ಸ್ವಲ್ಪ ಕಡಿಮೆ. ಎರಡಡಿ ಅಗಲದ ಹಲಗೆಯ ನಡುವೆ ಒಂದಡಿ ಎತ್ತರದಲ್ಲಿ ಒಂದು ಟ್ಯೂಬು ಕಟ್ಟಿದರೆ ಎರಡು ಪಕ್ಕಗಳಿಂದ ಆಚೆ ಹೋಗುವುದು ಸುಮಾರು ಶೇ. 30. ಅಂದರೆ ರಿಫ್ಲೆಕ್ಟರಿಗೆ ಕೆಲಸ ಇರುವುದು ಎಲೆಗಳ ಪಕ್ಕದಲ್ಲಿ. ದೀಪದ ನೆತ್ತಿಯ ಮೇಲೆ ಅದಕ್ಕೆ ಅಂಥ ಕೆಲಸವಿಲ್ಲ.

ಪೊಟ್ಟಣದ ಮೇಲೆ ‘ಶೇ. 97 ಪ್ರತಿಫಲನ’ ಎಂದು ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಆ ಅಂಕಿ ಹೊಸ, ಸಪಾಟಾದ, ಧೂಳಿಲ್ಲದ ಹಾಳೆಯದ್ದು. ಸುತ್ತಲೂ ಹಾಳೆ ನಿಲ್ಲಿಸಿ ಮಾಡಿದ ಡಬ್ಬಿಯೊಳಗೆ ಬೆಳಕು ಒಮ್ಮೆ ಪುಟಿದು ನಿಲ್ಲುವುದಿಲ್ಲ. ಶೇ. 90 ಹಿಂತಿರುಗಿಸುವ ಹಾಳೆಯಲ್ಲಿ ಎರಡು ಸಲ ಪುಟಿದರೆ ಶೇ. 81 ಉಳಿಯುತ್ತದೆ, ಮೂರು ಸಲಕ್ಕೆ 73. ಕೊಳೆಯಾಗಿ ಶೇ. 60ಕ್ಕೆ ಇಳಿದ ಹಾಳೆಯಲ್ಲಿ ಎರಡು ಸಲಕ್ಕೇ 36, ಮೂರಕ್ಕೆ 22. 97ಕ್ಕೂ 88ಕ್ಕೂ ಇರುವ ವ್ಯತ್ಯಾಸಕ್ಕಿಂತ, ವರ್ಷವಿಡೀ ಒರೆಸಿ ಚೊಕ್ಕಟವಾಗಿ ಇಟ್ಟುಕೊಳ್ಳಲು ಆಗುತ್ತದೋ ಇಲ್ಲವೋ ಎನ್ನುವುದೇ ಹೆಚ್ಚು ಮುಖ್ಯ. ಕೆಳಗಿನ ಸಾಮಗ್ರಿಗಳನ್ನು ತೂಗಿ ನೋಡಿರುವುದು ಆ ತಕ್ಕಡಿಯಲ್ಲೇ.

ಮೈಲಾರ್. ಪಾಲಿಯೆಸ್ಟರ್ ಹಾಳೆಗೆ ಒಂದು ಬದಿಯಲ್ಲಿ ಅಲ್ಯೂಮಿನಿಯಂ ಲೇಪಿಸಿರುತ್ತಾರೆ. 25 ಮೈಕ್ರಾನ್ ಮತ್ತು 50 ಮೈಕ್ರಾನ್ ದಪ್ಪದಲ್ಲಿ ಸಿಗುತ್ತದೆ. 50ರದ್ದನ್ನೇ ತೆಗೆದುಕೊಳ್ಳಿ, ತೆಳುವಾದದ್ದು ಅಂಟಿಸುವಾಗಲೇ ಸುಕ್ಕಾಗುತ್ತದೆ. ಸಪಾಟಾಗಿ ಕೂತರೆ ಇದನ್ನು ಮೀರಿಸುವ ಹಾಳೆ ಈ ಪಟ್ಟಿಯಲ್ಲಿಲ್ಲ. ತೊಂದರೆ ಇರುವುದು ಸಪಾಟಾಗಿ ಕೂರಿಸುವುದರಲ್ಲಿ. ಪರದೆಯ ಹಾಗೆ ಇಳಿಬಿಟ್ಟರೆ ಅಲೆಅಲೆಯಾಗಿ ನಿಂತು, ಟ್ರೇ ಮೇಲೆ ಒಂದು ಕಡೆ ಬೆಳಕಿನ ಗೆರೆ, ಪಕ್ಕದಲ್ಲೇ ಮಬ್ಬು. ಗಟ್ಟಿ ಹಲಗೆಗೆ ಅಂಟಿಸಿಯೇ ಬಳಸಬೇಕು: ಹಲಗೆಯ ಧೂಳು ಒರೆಸಿ, ಸ್ಪ್ರೇ ಅಂಟು ಹೊಡೆದು, ಒಂದು ಅಂಚಿನಿಂದ ಶುರುಮಾಡಿ ಒಣಬಟ್ಟೆಯ ಉಂಡೆಯಿಂದ ಗಾಳಿ ಹೊರಗೆ ತಳ್ಳುತ್ತ ಹೋಗಿ.

ಅಂಟಿಸುವ ಮೊದಲು ಲೋಹ ಯಾವ ಬದಿಗಿದೆ ಎಂದು ಪತ್ತೆ ಮಾಡಿ. ಕಣ್ಣಿಗೆ ಎರಡೂ ಬದಿ ಹೊಳೆಯುತ್ತವೆ. ಮಲ್ಟಿಮೀಟರನ್ನು ಕಂಟಿನ್ಯೂಟಿಗೆ (ಕರೆಂಟು ಹರಿದರೆ ಸದ್ದು ಮಾಡುವ ಸೆಟ್ಟಿಂಗಿಗೆ) ಇಟ್ಟು ಎರಡು ಮುಳ್ಳುಗಳನ್ನೂ ಒಂದೇ ಬದಿಗೆ ತಾಗಿಸಿ. ಕುಂಯ್‌ಗುಟ್ಟಿದ ಬದಿ ಲೋಹದ್ದು. ಅದನ್ನು ಹಲಗೆಯ ಕಡೆಗೆ ಹಾಕಿ, ಪ್ಲಾಸ್ಟಿಕ್ ಬದಿಯನ್ನು ಗಿಡಕ್ಕೆ ತೋರಿಸಿ. ಪ್ರತಿಫಲನ ಒಂದಿಷ್ಟು ಕಡಿಮೆಯಾದೀತು, ಆದರೆ ಒರೆಸುವಾಗ ಲೋಹ ಕಿತ್ತುಬರುವುದಿಲ್ಲ. ಲೋಹ ಹೊರಗಿದ್ದರೆ ಬೋರ್‌ವೆಲ್ ನೀರಿನ ಕಲೆ ತೆಗೆಯಲು ವಿನಿಗರ್ ಅಥವಾ ನಿಂಬೆರಸ ಹಚ್ಚಬೇಡಿ. ಹುಳಿ ಆ ತೆಳು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಬೆಟ್ಟ ಹತ್ತುವವರು ಒಯ್ಯುವ ಎಮರ್ಜೆನ್ಸಿ ಬ್ಲಾಂಕೆಟ್ಟೂ ಇದೇ ಜಾತಿಯದು, ಆದರೆ ಬಹಳ ತೆಳು. ಕಿಟಕಿಗೆ ಹಿಡಿದು ನೋಡಿ, ಆಚೆಯ ಬೆಳಕು ಈಚೆ ಕಾಣುತ್ತದೆ. ಹಾಗೆ ಕಂಡಷ್ಟೂ ನಷ್ಟವೇ. ಮಡಿಕೆಯ ಗೆರೆಗಳಂತೂ ಹೋಗುವುದೇ ಇಲ್ಲ. ಬೇಡ.

ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಸುಕ್ಕಾದ ಫಾಯಿಲ್ ಬೆಳಕನ್ನು ದಿಕ್ಕಾಪಾಲು ಮಾಡುತ್ತದೆ, ಒರೆಸಿದರೆ ಹರಿಯುತ್ತದೆ. ಅದಕ್ಕಿಂತ ದೊಡ್ಡ ದೋಷ, ಅದು ಕರೆಂಟು ಹರಿಸುತ್ತದೆ. ಒದ್ದೆ ಟ್ರೇ, ಕಬ್ಬಿಣದ ರ್‍ಯಾಕು, ಟ್ಯೂಬಿನ ಪಿನ್ನು, ನಡುವೆ ಜೋತುಬಿದ್ದ ಫಾಯಿಲ್: ಈ ನಾಲ್ಕೂ ಒಂದೆಡೆ ಸೇರಬಾರದು. ಯಾವ ಹಾಳೆ ಹಾಕಿದರೂ ರ್‍ಯಾಕಿಗೆ ಅರ್ಥಿಂಗ್ ಇರಲಿ, ಸರ್ಕ್ಯೂಟಿಗೆ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಆಫ್ ಆಗುವ ಸ್ವಿಚ್ಚು) ಇರಲಿ.

ಸನ್‌ಬೋರ್ಡ್. ಮನೆಯ ರ್‍ಯಾಕಿಗೆ ನಮ್ಮ ಮೊದಲ ಆಯ್ಕೆ ಇದು. ಬೋರ್ಡು ಬರೆಯುವ, ಫ್ಲೆಕ್ಸ್ ಮುದ್ರಿಸುವ ಅಂಗಡಿಗಳಲ್ಲಿ ಬಳಸುವ ಬಿಳಿ ಪಿವಿಸಿ ಫೋಮ್ ಹಲಗೆ. 3 ಎಂ.ಎಂ. ಸಣ್ಣ ಹಾಳೆಗೆ ಸಾಕು. ನಾಲ್ಕಡಿ ಉದ್ದಕ್ಕೆ ಅದು ಬಾಗುತ್ತದೆ, 5 ಎಂ.ಎಂ. ಕೇಳಿ. ಹೊಳಪಿಲ್ಲದ್ದು ಸಿಕ್ಕರೆ ಒಳ್ಳೆಯದು. ನೀರು ಹೀರುವುದಿಲ್ಲ, ಸೋಪುನೀರಿನಲ್ಲಿ ಒರೆಸಿದರೆ ಮತ್ತೆ ಮೊದಲಿನ ಬಿಳುಪು, ಕಟರ್‌ನಿಂದ ಎರಡು ಸಲ ಗೀರಿದರೆ ಕತ್ತರಿಸಿ ಬರುತ್ತದೆ. ಬೆಳಕನ್ನು ಎಲ್ಲ ಕಡೆಗೂ ಹರಡುವುದರಿಂದ ಗೆರೆ, ಚುಕ್ಕೆ ಬೀಳುವುದಿಲ್ಲ.

ಅಳತೆಯಲ್ಲಿ ಒಂದು ಲೆಕ್ಕ ಇದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆಯನ್ನು 18 ಇಂಚು ಎತ್ತರದ ಪಟ್ಟಿಗಳಾಗಿ ಕತ್ತರಿಸಿದರೆ ಐದೇ ಸಿಗುತ್ತವೆ, ಆರಿಂಚು ವ್ಯರ್ಥ. 16 ಇಂಚಿಗೆ ಕತ್ತರಿಸಿದರೆ ಸರಿಯಾಗಿ ಆರು. ರ್‍ಯಾಕಿನ ಒಂದು ಹಂತಕ್ಕೆ ಹಿಂದೆ ಒಂದು, ಮುಂದೆ ಒಂದು, ಇನ್ನೊಂದನ್ನು ನಡುವೆ ಕತ್ತರಿಸಿದರೆ ಎರಡು ತುದಿಗಳಿಗೆ, ಒಟ್ಟು ಮೂರು. ಒಂದೇ ಹಾಳೆಯಲ್ಲಿ ಎರಡು ಹಂತ ಮುಗಿಯುತ್ತದೆ. ಅಂಗಡಿಯಲ್ಲೇ ಕತ್ತರಿಸಿಕೊಡಲು ಹೇಳಿ, ಎಂಟಡಿಯ ಹಾಳೆ ಲಿಫ್ಟಿನಲ್ಲಿ ಹಿಡಿಸುವುದಿಲ್ಲ.

ಥರ್ಮಾಕೋಲ್. ಬಿಳುಪಿನಲ್ಲಿ ಸನ್‌ಬೋರ್ಡಿಗೆ ಸಮ, ಬೆಲೆಯಲ್ಲಿ ಅಗ್ಗ. ಪ್ರಯೋಗಕ್ಕೆ ಇದೇ ಸರಿ: ಒಂದು ವಾರ ನಿಲ್ಲಿಸಿ, ವ್ಯತ್ಯಾಸ ಕಂಡಮೇಲೆ ಸನ್‌ಬೋರ್ಡ್ ತನ್ನಿ. ಹೆಚ್ಚು ಕಾಲ ಇಟ್ಟರೆ ಕಾಳುಗಳು ಉದುರಿ ಸೊಪ್ಪಿಗೆ ಅಂಟುತ್ತವೆ, ಸಂದುಗಳಲ್ಲಿ ಪಾಚಿ ಕೂರುತ್ತದೆ, ಇರುವೆ ಗೂಡು ಮಾಡುತ್ತದೆ. ಬೇಗ ಹೊತ್ತಿಕೊಳ್ಳುವ ವಸ್ತು, ಬಿಸಿಯಾಗುವ ಡ್ರೈವರಿನ (ದೀಪಕ್ಕೆ ಕರೆಂಟು ಹೊಂದಿಸಿ ಕೊಡುವ ಭಾಗ) ಹತ್ತಿರ ಇಡಲೇಬಾರದು.

ಬಣ್ಣ ಮತ್ತು ಸುಣ್ಣ. ರ್‍ಯಾಕು ಗೋಡೆಗೆ ತಾಗಿದ್ದರೆ ಹಿಂಬದಿಗೆ ಪ್ರತ್ಯೇಕ ಹಾಳೆ ಬೇಡ. ಸೀಲಿಂಗಿಗೆ ಹೊಡೆಯುವ ಹೊಳಪಿಲ್ಲದ ಅಚ್ಚ ಬಿಳಿ, ಎರಡು ಕೋಟು. ಕೆನೆಬಣ್ಣ, ಆಫ್ ವೈಟ್ ಕಣ್ಣಿಗೆ ಹಿತ, ಆದರೆ ನೀಲಿ ಬೆಳಕನ್ನು ನುಂಗುತ್ತವೆ. ಬೆಳ್ಳಿಬಣ್ಣದ ಅಲ್ಯೂಮಿನಿಯಂ ಪೇಂಟು ಹೊಳೆದರೂ ಬೂದು ಬೂದೇ. ಸುಣ್ಣ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಷಾರ ಇರುವುದರಿಂದ ಮಲೆನಾಡಿನ ಮಳೆಗಾಲದ ತೇವದಲ್ಲೂ ಬೂಷ್ಟು ಬೇಗ ಹತ್ತದು. ಮುಟ್ಟಿದರೆ ಕೈಗೆ ಬರುವ ಸುಣ್ಣ ಟ್ರೇಗೂ ಉದುರುತ್ತದೆ, ಹಾಗಾಗಿ ಕಲಸುವಾಗ ಸ್ವಲ್ಪ ಫೆವಿಕಾಲ್ ಸೇರಿಸಿ.

ಇನ್ನು ಕೂರಿಸುವ ವಿಚಾರ. ಒಳ್ಳೆಯ ಹಾಳೆ ತಂದು ತಪ್ಪಾಗಿ ನಿಲ್ಲಿಸುವುದೇ ಹೆಚ್ಚು. ಹಾಳೆ ಲಂಬವಾಗಿರಬೇಕು, ಎಲೆಯ ಅಂಚಿನಿಂದ ಎರಡು ಮೂರು ಸೆಂ.ಮೀ. ದೂರ. ಎಲೆ ತಾಗಿದರೆ ಆ ಜಾಗದಲ್ಲಿ ನೀರು ನಿಂತು ಕೊಳೆ ಶುರುವಾಗುತ್ತದೆ; ಅರ್ಧ ಅಡಿ ದೂರ ನಿಲ್ಲಿಸಿದರೆ ಬೆಳಕು ಗಿಡವಿಲ್ಲದ ಹಲಗೆಯ ಮೇಲೆ ಬೀಳುತ್ತದೆ. ಕೆಳ ಅಂಚು ಟ್ರೇಯ ಕಂಠಕ್ಕಿಂತ ಒಂದು ಇಂಚು ಕೆಳಗೆ ಇಳಿಯಲಿ, ಮೇಲಂಚು ದೀಪದ ಮುಖದವರೆಗೆ ಮುಟ್ಟಲಿ. ಈ ಎರಡರ ನಡುವೆ ಎಲ್ಲೂ ಸಂದು ಬೇಡ. ಗಾಳಿಗೆ ಜಾಗ ಬಿಡುವುದು ಟ್ರೇಯ ಕಂಠದ ಕೆಳಗೆ ಮತ್ತು ದೀಪದ ಮಟ್ಟದ ಮೇಲೆ, ಐದೈದು ಸೆಂ.ಮೀ. ಆ ಎರಡು ಜಾಗಕ್ಕೂ ನೇರ ಬೆಳಕು ಬೀಳುವುದಿಲ್ಲ, ಹಾಗಾಗಿ ಅಲ್ಲಿ ತೆರೆದರೆ ಹೆಚ್ಚು ನಷ್ಟವಿಲ್ಲ. ತಂಪುಗಾಳಿ ಕೆಳಗಿನಿಂದ ನುಗ್ಗಿ ಬಿಸಿ ಮೇಲಿಂದ ಹೋಗುತ್ತದೆ. ಪೂರ್ತಿ ಮುಚ್ಚಿದ ಡಬ್ಬಿ ಮಾಡಿದವರ ಟ್ರೇಯಲ್ಲಿ ಸಸಿಗಳು ಬುಡದಲ್ಲಿ ಕೊಳೆತು ಮಲಗುವುದು ಈ ಗಾಳಿ ಇಲ್ಲದ್ದಕ್ಕೇ. ತೇವ ಹೆಚ್ಚಿದ್ದರೆ 12 ವೋಲ್ಟಿನ ಕಂಪ್ಯೂಟರ್ ಫ್ಯಾನೊಂದನ್ನು ಮೇಲಿನ ಸಂದಿಗೆ ಕಟ್ಟಿ.

ನಾಲ್ಕಡಿ ಟ್ಯೂಬಿನ ಕೆಳಗೆ ನಾಲ್ಕಡಿ ಟ್ರೇ ಇಟ್ಟಾಗ ಎರಡು ತುದಿಗಳೂ ಮಬ್ಬು, ಯಾಕೆಂದರೆ ಅಲ್ಲಿಗೆ ಒಂದೇ ಕಡೆಯಿಂದ ಬೆಳಕು ಬರುತ್ತದೆ. ಮೈಲಾರ್ ತನ್ನ ಬೆಲೆ ತೀರಿಸುವುದು ಇಲ್ಲೇ. ಹಲಗೆಗೆ ಬಿಗಿಯಾಗಿ ಅಂಟಿಸಿದ ಮೈಲಾರನ್ನು ಟ್ಯೂಬಿನ ತುದಿಗೆ ಅಡ್ಡಲಾಗಿ ನಿಲ್ಲಿಸಿ ಎಲೆಯ ಮಟ್ಟದಿಂದ ನೋಡಿ: ಟ್ಯೂಬು ಕನ್ನಡಿಯೊಳಗೆ ಮುಂದಕ್ಕೆ ಹರಿದ ಹಾಗೆ ಕಾಣುತ್ತದೆ. ತುದಿಯ ಗಿಡಕ್ಕೂ ಹಾಗೆಯೇ, ಎರಡು ಕಡೆಯಿಂದಲೂ ಬೆಳಕು. ಹಾಗಾಗಿ ಎರಡು ತುದಿಗೆ ಮೈಲಾರ್, ಉದ್ದದ ಎರಡು ಪಕ್ಕಕ್ಕೆ ಬಿಳಿ ಸನ್‌ಬೋರ್ಡ್: ಇದು ನಾವು ಸೂಚಿಸುವ ಜೋಡಿ.

ದೀಪದ ಮೇಲೆ ಹಾಕುವ ತಗಡಿನ ಟೋಪಿ ಹಳೆಯ ಫ್ಲೋರೊಸೆಂಟ್ ಟ್ಯೂಬಿಗೆ ಬೇಕಿತ್ತು, ಅದು ಸುತ್ತಲೂ ಬೆಳಗುತ್ತಿತ್ತು. ಬೆನ್ನಿಗೆ ಅಲ್ಯೂಮಿನಿಯಂ ಇರುವ ಎಲ್‌ಇಡಿ ಟ್ಯೂಬು ಕೆಳಮುಖವಾಗಿಯೇ ಬೆಳಗುವುದರಿಂದ ಟೋಪಿ ದಂಡ. ಸಿಒಬಿ ದೀಪಕ್ಕೆ (ಹಲವು ಎಲ್‌ಇಡಿಗಳನ್ನು ಒಂದೇ ಬಿಲ್ಲೆಯಲ್ಲಿ ಕೂಡಿಸಿದ್ದು) ಸಿಗುವ 60 ಡಿಗ್ರಿಯ ರಿಫ್ಲೆಕ್ಟರ್ ಬಟ್ಟಲನ್ನು ಯೋಚಿಸಿ ಕೊಳ್ಳಿ: 30 ಸೆಂ.ಮೀ. ಎತ್ತರದಿಂದ ಅದು ಬೆಳಗುವುದು ಸುಮಾರು 35 ಸೆಂ.ಮೀ. ವೃತ್ತ, ಬಟ್ಟಲಿಲ್ಲದ 120 ಡಿಗ್ರಿಯಲ್ಲಿ ಅದೇ 104 ಸೆಂ.ಮೀ. ಆಗುತ್ತದೆ. ಎತ್ತರಕ್ಕೆ ಬೆಳೆದ ಗಿಡದ ಒಂದೇ ಕುಂಡಕ್ಕೆ ಬಟ್ಟಲು ಸರಿ, ಟ್ರೇಗೆ ಅಲ್ಲ.

ಫಲ ಎಷ್ಟೆಂದು ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. ಫೋನಿನ ಲಕ್ಸ್ ಮೀಟರ್ ಆ್ಯಪ್ ಸಾಕು, ಹೋಲಿಕೆಗೆ. ಖಾಲಿ ಟ್ರೇಯಲ್ಲಿ ಮೂರು ಸಾಲು, ಸಾಲಿಗೆ ಮೂರು, ಒಟ್ಟು ಒಂಬತ್ತು ಕಡೆ ಫೋನನ್ನು ಮುಖ ಮೇಲಾಗಿ ಮಲಗಿಸಿ ಓದಿ, ಹಾಳೆ ಹಾಕುವ ಮೊದಲೂ ನಂತರವೂ. ಬಗ್ಗಿ ನೋಡಬೇಡಿ, ಕಪ್ಪು ಅಂಗಿ ತೊಟ್ಟಿದ್ದರೂ ಅಂಕಿ ಬದಲಾಗುತ್ತದೆ. ಅತಿ ಕಡಿಮೆಯದನ್ನು ಅತಿ ಹೆಚ್ಚಿನದರಿಂದ ಭಾಗಿಸಿದಾಗ 0.7 ದಾಟಿದರೆ ಬೆಳೆ ಒಂದೇ ಮಟ್ಟದಲ್ಲಿ ಬರುತ್ತದೆ. ದಾಟದಿದ್ದರೆ ದೀಪವನ್ನು 30ರಿಂದ 40 ಸೆಂ.ಮೀ.ಗೆ ಎತ್ತಿ, ಪಕ್ಕದ ಹಾಳೆಗಳು ಇರುವುದರಿಂದ ಎತ್ತಿದರೂ ಹೆಚ್ಚು ಪೋಲಾಗದು, ಹಾಳೆಯ ಮೇಲಂಚನ್ನೂ ಅಷ್ಟೇ ಎತ್ತರಿಸಿದರೆ ಆಯಿತು. ಬಿಳಿ ಎಲ್‌ಇಡಿಯಲ್ಲಿ ಸುಮಾರು 70 ಲಕ್ಸ್‌ಗೆ ಒಂದು ಮೈಕ್ರೋಮೋಲ್ (ಗಿಡಕ್ಕೆ ಉಪಯೋಗವಾಗುವ ಬೆಳಕಿನ ಅಳತೆ, ಚದರ ಮೀಟರಿಗೆ, ಸೆಕೆಂಡಿಗೆ). 14,000 ಲಕ್ಸ್ ಎಂದರೆ 200, ದಿನಕ್ಕೆ 14 ಗಂಟೆ ಉರಿಸಿದರೆ ದಿನದ ಒಟ್ಟು ಬೆಳಕು ಚದರ ಮೀಟರಿಗೆ 10 ಮೋಲ್. ಮೈಕ್ರೋಗ್ರೀನ್ಸಿಗೆ ಇದು ಧಾರಾಳ. ಲೆಟ್ಯೂಸಿಗೆ ಇನ್ನಷ್ಟು ಬೇಕು, 17 ಗಂಟೆ ಉರಿಸಿದರೆ 12ರ ಹತ್ತಿರ ಬರುತ್ತದೆ. ಗುಲಾಬಿ, ನೇರಳೆ ದೀಪಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಮುಂದಿನ ಹಾಳೆಯನ್ನು ಸ್ಕ್ರೂ ಹಾಕಿ ಬಿಗಿಯಬೇಡಿ. ಮೇಲೆ ಎರಡು ಕಡೆ ವೆಲ್ಕ್ರೋ ಅಂಟಿಸಿದರೆ ನೀರು ಹಾಕುವಾಗ ಒಂದೇ ಕೈಯಲ್ಲಿ ಕಿತ್ತು ಪಕ್ಕಕ್ಕಿಡಬಹುದು. ಬಿಚ್ಚುವುದು ಕಷ್ಟವಾದರೆ ಆ ಹಾಳೆ ಮೂರನೇ ದಿನಕ್ಕೇ ಗೋಡೆಗೆ ಒರಗಿರುತ್ತದೆ, ಮುಂದಿನ ಸಾಲಿನ ಸಸಿಗಳು ಮತ್ತೆ ಒಳಕ್ಕೆ ವಾಲತೊಡಗುತ್ತವೆ.